ಇಶಾಪುರದ ರೈಫಲ್ಲಿಗೆ ಇನ್ನೊಂದು ಮ್ಯಾಗಜೀನ್

ಸೈನ್ಯ ಬಳಸಿ ಬಿಟ್ಟ ಹಳೆಯ ರೈಫಲ್ ಮಾರುವವನು ಕೊಳ್ಳುವವನಿಗೆ ಬಹಳಷ್ಟು ವಿಷಯಗಳನ್ನು ಹೇಳುತ್ತಾನೆ. ನಳಿಗೆ ಸವೆದಿಲ್ಲ, ತೋಟೆಯನ್ನು ನಳಿಗೆಗೆ ತಳ್ಳುವ ಬೋಲ್ಟಿನ ನಂಬರೂ ಮೈಮೇಲಿನ ನಂಬರೂ ಒಂದೇ, ಮರದ ಮೇಲಿನ ಗೀರು ಗೀರಲ್ಲ, ಚರಿತ್ರೆ. ಜೊತೆಗೆ ಬಂದಿರುವ ಒಂದೇ ಒಂದು ಮ್ಯಾಗಜೀನ್, ಎಂದರೆ ತೋಟೆ ತುಂಬುವ ಪೆಟ್ಟಿಗೆ, ಮುಂದೊಮ್ಮೆ ಕೈಕೊಟ್ಟರೆ ಇನ್ನೊಂದು ಎಲ್ಲಿ ಸಿಗುತ್ತದೆ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಕೇಳಿದರೆ, "ಅದೇನು ಮಹಾ, ಎಲ್ಲೆಡೆ ಸಿಗುತ್ತದೆ" ಎನ್ನುತ್ತಾನೆ. ಎಲ್ಲೆಡೆ ಸಿಗುವ ವಸ್ತುವನ್ನು ತಾನೇ ಏಕೆ ಇಟ್ಟುಕೊಂಡಿಲ್ಲ ಎಂದು ಕೇಳುವಷ್ಟರಲ್ಲಿ ಅವನು ಮುಂದಿನ ಗಿರಾಕಿಯ ಕಡೆ ತಿರುಗಿರುತ್ತಾನೆ.

ನನ್ನದು ಇಶಾಪುರ 2ಎ1. ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯಲ್ಲಿ 1904ರಲ್ಲಿ ಆರಂಭವಾದ ರೈಫಲ್ ಕಾರ್ಖಾನೆಯು 1962ರ ಚೀನಾ ಯುದ್ಧದ ತರುವಾಯ ಹೊರತಂದ ಮಾದರಿ ಇದು. ನಮ್ಮ ಊರುಗಳ ಖಜಾನೆಯ ಬಾಗಿಲಲ್ಲಿ ಪೊಲೀಸಿನವರು ಹೆಗಲಿಗೆ ತಗುಲಿಸಿಕೊಂಡು ನಿಲ್ಲುತ್ತಿದ್ದ ತ್ರೀ ನಾಟ್ ತ್ರೀ (.303) ರೈಫಲ್ಲನ್ನು ಕಂಡವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದೇ ಮೊಂಡು ಮೂಗು, ಅದೇ ತೂಕ, ಅದೇ ಗಾಂಭೀರ್ಯ. ವ್ಯತ್ಯಾಸವಿರುವುದು ಹೊಟ್ಟೆಯಲ್ಲಿ. ಇದು ತಿನ್ನುವುದು ನೇಟೊ ಸೇನಾಕೂಟದ 7.62 ಮಿಲಿಮೀಟರಿನ ತೋಟೆಯನ್ನು. ನಮ್ಮ ಸರ್ಕಾರ ವಿಲೇವಾರಿ ಮಾಡಿದ ಇಂಥ ರೈಫಲ್ಲುಗಳು ಅಮೆರಿಕಕ್ಕೆ ಬಂದು, ಆಮದುದಾರನ ಹೆಸರನ್ನು ಮೈಮೇಲೆ ಕೊರೆಸಿಕೊಂಡು, ಟೆಕ್ಸಸ್‌ನ ಅಂಗಡಿಗಳ ಗೋಡೆಗೆ ಒರಗಿದವು. ಗ್ರೀನ್ ಕಾರ್ಡ್ ಪಡೆದ ಕನ್ನಡಿಗನೊಬ್ಬ ಅವುಗಳಲ್ಲೊಂದನ್ನು ಕಂಡು, ಪರದೇಶದಲ್ಲಿ ಊರಿನವರು ಸಿಕ್ಕರೆಂಬ ಮೋಹದಲ್ಲಿ ಮನೆಗೆ ಕರೆತಂದನು.

ಇದಕ್ಕೆ ಇನ್ನೊಂದು ಮ್ಯಾಗಜೀನ್ ಹುಡುಕುವ ತೊಂದರೆಯ ಬೇರು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಎನ್‌ಫೀಲ್ಡ್ ಎಂಬ ಈ ವಂಶದ ರೈಫಲ್ಲುಗಳಿಗೆ ಒಂದೊಂದೇ ಮ್ಯಾಗಜೀನ್ ಸಾಕೆಂಬುದು ಬ್ರಿಟಿಷ್ ಸೈನ್ಯದ ಹಳೆಯ ಮನೋಭಾವ. ಹತ್ತೊಂಬತ್ತನೆಯ ಶತಮಾನದ ಕೊನೆಯ ಲೀ-ಮೆಟ್‌ಫರ್ಡ್ ರೈಫಲ್ಲಿನಲ್ಲಿ, ಸಿಪಾಯಿ ಎಲ್ಲಿಯಾದರೂ ಕಳೆದುಬಿಟ್ಟಾನೆಂದು, ಮ್ಯಾಗಜೀನನ್ನು ಚಿಕ್ಕ ಸರಪಳಿಯ ಕೊಂಡಿಯಿಂದ ರೈಫಲ್ಲಿಗೇ ಕಟ್ಟಿಹಾಕಿದ್ದರು. ಆಮೇಲೆ ಸರಪಳಿ ಹೋಯಿತು, ಮನೋಭಾವ ಉಳಿಯಿತು. ಸಿಪಾಯಿಯಾದವನು ಐದೈದು ತೋಟೆಗಳನ್ನು ಹಿಡಿದಿಡುವ ಚಾರ್ಜರ್ ಎಂಬ ತಗಡಿನ ಪಟ್ಟಿಯಿಂದ ತೋಟೆಗಳನ್ನು ಮೇಲಿನಿಂದ ಒತ್ತಿ ತುಂಬಿಕೊಳ್ಳಬೇಕು. ಮ್ಯಾಗಜೀನನ್ನು ಕಳಚುವುದೇನಿದ್ದರೂ ಒರೆಸಿ ಶುಚಿಮಾಡುವುದಕ್ಕೆ. ಅದು ಸರಿಯಾಗಿ ಕೂರದಿದ್ದರೆ ಆರ್ಮರರ್ ಎಂಬ ಕುಶಲಕರ್ಮಿ ಅದರ ತುಟಿಗಳನ್ನು, ಎಂದರೆ ತೋಟೆಯನ್ನು ಹಿಡಿದಿಡುವ ಮೇಲಂಚಿನ ಮಡಿಕೆಗಳನ್ನು, ಅಷ್ಟಿಷ್ಟು ಬಗ್ಗಿಸಿ ಆ ಒಂದು ರೈಫಲ್ಲಿಗೆ ಹೊಂದಿಸುತ್ತಿದ್ದನು. ಈ ವೃತ್ತಾಂತವನ್ನೆಲ್ಲ ನಾನು ಊಟದ ವೇಳೆ ವಿವರಿಸಿದಾಗ ನನ್ನ ಹೆಂಡತಿ, "ಅಂದರೆ ಇದು ಅಳತೆ ಕೊಟ್ಟು ಹೊಲಿಸಬೇಕಾದ ರವಿಕೆ, ನೀವು ರೆಡಿಮೇಡ್ ಹುಡುಕುತ್ತಿದ್ದೀರಿ, ಅಲ್ಲವೇನ್ರೀ?" ಎಂದಳು. ಬಂದೂಕು ಮಾರುವ ಮೇಳಗಳಾದ ಗನ್ ಶೋಗಳಲ್ಲಿ ಮೂವತ್ತು ವರ್ಷ ಮೇಜು ಹಾಕಿದವರಿಂದಲೂ ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಕೇಳಿರಲಿಲ್ಲ.

ಮೊದಲು ಬಂದದ್ದು "ಎನ್‌ಫೀಲ್ಡಿಗೆ ಹೊಂದುತ್ತದೆ" ಎಂಬ ಚೀಟಿ ಹೊತ್ತ ತ್ರೀ ನಾಟ್ ತ್ರೀಯ ಮ್ಯಾಗಜೀನು. ಚೀಟಿ ಸುಳ್ಳು ಹೇಳಿರಲಿಲ್ಲ. ಅದು ರೈಫಲ್ಲಿಗೆ ಹೊಂದಿತು, ಟಕ್ಕೆಂದು ಕೂತಿತು, ನೋಡುವುದಕ್ಕೂ ಚೆನ್ನಾಗಿತ್ತು. ತೋಟೆಗೆ ಮಾತ್ರ ಹೊಂದಲಿಲ್ಲ. ತ್ರೀ ನಾಟ್ ತ್ರೀಯ ತೋಟೆ ಸುಮಾರು 78 ಮಿಲಿಮೀಟರ್ ಉದ್ದ, ಹಿಂಬದಿಗೆ ಎದ್ದು ಕಾಣುವ ಅಂಚು. ಆ ಅಂಚು ಒಂದರ ಮೇಲೊಂದು ಸಿಕ್ಕಿಕೊಳ್ಳದಂತೆ ಓರೆಯಾಗಿ ಪೇರಿಸಬೇಕಾದ್ದರಿಂದ ಪೆಟ್ಟಿಗೆಯ ತಳವೂ ಓರೆ. ನೇಟೊ ತೋಟೆಗೆ ಅಂಥ ಅಂಚಿಲ್ಲ, ಉದ್ದವೂ ಸುಮಾರು 71 ಮಾತ್ರ. ಆದ್ದರಿಂದಲೇ ಇಶಾಪುರದವರು ಮೂಲೆಗಳು ನೆಟ್ಟಗಿರುವ ಚೌಕನೆಯ ಪೆಟ್ಟಿಗೆ ಮಾಡಿದ್ದು. ಹಳೆಯ ಪೆಟ್ಟಿಗೆಯೊಳಗೆ ಏಳು ಮಿಲಿಮೀಟರಿನಷ್ಟು ಜಾಗ ಬಿಟ್ಟಿಯಾಗಿ ದೊರೆತ ನನ್ನ ತೋಟೆಗಳು ಹಿಂದಕ್ಕೂ ಮುಂದಕ್ಕೂ ಜಾರಾಡುತ್ತ, ಬೋಲ್ಟ್ ತಳ್ಳಿದಾಗ ಮೂಗು ಕೆಳಗೆ ಮಾಡಿ, ಒಳಗೆ ಹೋಗುವುದಿಲ್ಲವೆಂದು ಹಟ ಹಿಡಿದವು.

ಎರಡನೆಯ ಮಾರಾಟಗಾರನೊಡನೆ ನಾನು ವಕೀಲನಂತೆ ಮಾತಾಡಿದೆ. ಇಶಾಪುರದ್ದೇ ಆಗಬೇಕು, 7.62 ಆಗಬೇಕು, ಚೌಕ ತಳ ಇರಬೇಕು. ಎಲ್ಲಕ್ಕೂ ಹೌದೆಂದು ಅವನು ಕಳಿಸಿದ್ದು ತಾನೇ ತೋಟೆ ತುಂಬಿಕೊಳ್ಳುವ ಎಸ್‌ಎಲ್‌ಆರ್ ರೈಫಲ್ಲಿನ 20 ಗುಂಡುಗಳ ಮ್ಯಾಗಜೀನು. ಅದೂ ಇಶಾಪುರದ್ದೇ, ಅದೂ 7.62. ಬೇರೆ ರೈಫಲ್ಲಿಗಾಗಿ ತಯಾರಾದದ್ದೆಂಬ ಒಂದು ಅಂಶವನ್ನು ಬಿಟ್ಟರೆ ನನ್ನ ಷರತ್ತುಗಳಲ್ಲಿ ಯಾವುದನ್ನೂ ಅದು ಮುರಿದಿರಲಿಲ್ಲ. ಮೂರನೆಯವನು ಕಳಿಸಿದ್ದು ಅದೇ ವಂಶದ ಬೇರೊಂದು ಮಾದರಿಯಾದ ಎನ್‌ಫೀಲ್ಡ್ ನಂಬರ್ 4ರದು. ನನ್ನದು ನಂಬರ್ 1ರ ಪೀಳಿಗೆ. ಅದರ ಕಥೆಯನ್ನು ಹೇಳುವಷ್ಟು ಕೂಡ ಅದು ಒಳಗೆ ಹೋಗಲಿಲ್ಲ.

ಇನ್ನು ಗನ್ ಶೋಗಳು. ಉದ್ದುದ್ದ ಮೇಜುಗಳು, ಒಣಮಾಂಸ ಮಾರುವವರು, ಹಲಗೆ ಪೆಟ್ಟಿಗೆಗಳಲ್ಲಿ ರಾಶಿ ಹಾಕಿದ ಹೆಸರಿಲ್ಲದ ಮ್ಯಾಗಜೀನುಗಳು. ಕೆದಕಿದರೆ ಬೆರಳಿಗೆ ಹತ್ತುವುದು ಗಟ್ಟಿಯಾಗಿ ಜೇನಿನ ಬಣ್ಣಕ್ಕೆ ತಿರುಗಿದ ಕಾಸ್ಮೋಲಿನ್ ಗ್ರೀಸು. ಅದರ ವಾಸನೆ ಎರಡು ದಿನ ಸಾರು ಅನ್ನಕ್ಕೂ ಬರುತ್ತದೆ. ಅಲ್ಲಿನ ಹಿರಿಯರು ನನ್ನ ಮುಖ ನೋಡುತ್ತಿದ್ದಂತೆಯೇ ವ್ಯಾಪಾರದ ದಿಕ್ಕು ಬದಲಾಗುತ್ತಿತ್ತು. "ಇಶಾಪುರವೇ? ನೀವು ಇಂಡಿಯಾದವರಲ್ಲವೇ? ಹಾಗಾದರೆ ಯಾವುದು ಸರಿಯಾದದ್ದೆಂದು ನೀವೇ ನಮಗೆ ಹೇಳಬೇಕು," ಎಂದು ಪೆಟ್ಟಿಗೆಯನ್ನೇ ನನ್ನೆದುರಿಗೆ ಸರಿಸುತ್ತಿದ್ದರು. ಒಬ್ಬರಂತೂ, ಊರಿಗೆ ಹೋದಾಗ ಒಂದು ಡಜನ್ ತಂದುಬಿಡಿ, ಅರ್ಧ ನಾನೇ ಕೊಳ್ಳುತ್ತೇನೆ ಎಂದರು. ಇಲ್ಲಿ ಅಂಚೆಯಲ್ಲಿ ಮನೆಗೆ ಬರುವ ಈ ತಗಡಿನ ಡಬ್ಬಿಯನ್ನು, ಬಿಡಿಭಾಗಗಳನ್ನೂ ಶಸ್ತ್ರವೆಂದೇ ಎಣಿಸುವ 1959ರ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯೆದುರು ಹಪ್ಪಳ ಸಂಡಿಗೆಯ ನಡುವೆ ಸುತ್ತಿಟ್ಟು ವಿಮಾನ ಹತ್ತುವ ದೃಶ್ಯವನ್ನು ಕಲ್ಪಿಸಿಕೊಂಡೇ ನನಗೆ ಬೆವರು ಬಂತು.

ಆದರೂ ಊರಿನ ಕಡೆ ಒಂದು ಮಾತು ಕೇಳೋಣವೆಂದು ಮಾವನವರಿಗೆ ಫೋನ್ ಮಾಡಿದೆ. ಅವರು ಕೊಡಗಿನ ಕಾಫಿ ಬೆಳೆಗಾರರು; ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವುದರಿಂದಲೂ, ಪ್ರತಿ ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜಿಸುವುದರಿಂದಲೂ, ಈ ವಿಷಯದಲ್ಲಿ ಅವರದೇ ಅಂತಿಮ ತೀರ್ಪು. ನನ್ನ ಅಹವಾಲನ್ನೆಲ್ಲ ತಾಳ್ಮೆಯಿಂದ ಕೇಳಿ, "ನಮ್ಮ ಜೋಡಿ ನಳಿಗೆ ಕೋವಿಗೆ ಈ ಕಾಟವೇ ಇಲ್ಲ. ಬಗ್ಗಿಸಬೇಕು, ಎರಡು ತೋಟೆ ಇಡಬೇಕು, ಮುಚ್ಚಬೇಕು. ಎರಡರಲ್ಲಿ ಆಗದ ಕೆಲಸ ಹತ್ತರಲ್ಲಿ ಆಗುತ್ತದೆಯೇನಪ್ಪ?" ಎಂದರು. ನನ್ನ ಗುರಿಯನ್ನು ಅವರು ನೋಡಿದ್ದಾರಾದ್ದರಿಂದ ನಾನು ವಾದಿಸಲಿಲ್ಲ.

ಕೊನೆಗೆ ಸರಿಯಾದ ಚೌಕ ಪೆಟ್ಟಿಗೆಗಳು ಸಿಗತೊಡಗಿದವು. ಆಗ ತಿಳಿದದ್ದು, ಹೊಂದುವುದು ಬೇರೆ, ನಂಬುವುದು ಬೇರೆ ಎಂದು. ಪ್ರತಿಯೊಂದನ್ನೂ ಮದ್ದಿಲ್ಲದ ಡಮ್ಮಿ ತೋಟೆ ತುಂಬಿ ಮನೆಯಲ್ಲಿಯೇ ಪರೀಕ್ಷಿಸುವುದು ನನ್ನ ಪದ್ಧತಿ. ಒಂದರ ಸ್ಪ್ರಿಂಗ್ ಸೋತು, ಕೊನೆಯ ಎರಡು ತೋಟೆಗಳು ಮೇಲೇಳಲು ಬೇಸರಪಡುತ್ತಿದ್ದವು. ಇನ್ನೊಂದರ ತುಟಿಯನ್ನು ಹಿಂದಿನ ಯಾರೋ ಇಕ್ಕಳದಿಂದ ಉತ್ಸಾಹದಲ್ಲಿ ಅಗಲಿಸಿದ್ದರಿಂದ, ಬೋಲ್ಟನ್ನು ಹಿಂದಕ್ಕೆಳೆದೊಡನೆ ತೋಟೆ ಮೇಲಕ್ಕೆ ಚಿಮ್ಮಿ, ಸೋಫಾದ ಬೆನ್ನಿಗೆ ಬಡಿದು, ಉರುಳಿಕೊಂಡು ಹೋಗಿ ದೇವರ ಮಂಟಪದ ಕೆಳಗೆ ಸೇರಿತು. ನಾನು ನೆಲಕ್ಕೆ ಕೆನ್ನೆಯಾನಿಸಿ ಕೋಲಿನಿಂದ ಅದನ್ನು ಎಳೆಯುತ್ತಿರುವಾಗ ಸತ್ಯನಾರಾಯಣ ಪೂಜೆಗೆ ಕರೆಯಲು ಬಂದ ದಂಪತಿಗಳು, ನನ್ನ ಭಕ್ತಿಯನ್ನು ಕಂಡು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಕೈಮುಗಿದು ನಿಂತರು.

ಶೂಟಿಂಗ್ ರೇಂಜಿನಲ್ಲಿ ಪಕ್ಕದಲ್ಲಿ ನಿಲ್ಲುವ ಸ್ನೇಹಿತನದು ಎಆರ್-15 ಎಂಬ ಅಮೆರಿಕನ್ ರೈಫಲ್. ಅದಕ್ಕೆ ಹತ್ತಾರು ಕಂಪನಿಗಳು ಮ್ಯಾಗಜೀನ್ ಮಾಡುತ್ತವೆ. ಪ್ಲಾಸ್ಟಿಕ್ಕಿನದನ್ನು ಅವನು ಕಿರಾಣಿ ಸಾಮಾನಿನಂತೆ ಕೊಂಡು ತರುತ್ತಾನೆ, ಕಾಲಿನಿಂದ ತುಳಿದರೂ ಲೆಕ್ಕಿಸುವುದಿಲ್ಲ. ನಾನು ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಬಿಚ್ಚುವುದನ್ನು ಅವನು ಮರುಕದಿಂದ ನೋಡುತ್ತಾನೆ. ಸೌಕರ್ಯದ ಮಾತು ಬಂದರೆ ಅವನದೇ ಗೆಲುವು, ಒಪ್ಪಿದೆ. ಆದರೆ ಎಲ್ಲವೂ ಎಲ್ಲಕ್ಕೂ ಹೊಂದುವ ವಸ್ತುವಿನ ಬಗ್ಗೆ ಅವನು ಚಹಾದ ಹೊತ್ತಿನಲ್ಲಿ ಐದು ನಿಮಿಷವಾದರೂ ಏನು ಮಾತಾಡಿಯಾನು?

ಈಗ ನನ್ನಲ್ಲಿ ನಂಬಿಕೆಗೆ ಅರ್ಹವಾದ ಎರಡನೆಯ ಮ್ಯಾಗಜೀನೊಂದಿದೆ. ಹತ್ತು ತುಂಬಿದರೆ ಮುನಿಸಿಕೊಳ್ಳುತ್ತದೆ, ಒಂಬತ್ತಕ್ಕೆ ಸರಾಗ. ಮೈಮೇಲೆ ಮುದ್ರೆಯಿಲ್ಲ, ಅಂಕಿಯಿಲ್ಲ. ಕೆಲಸಕ್ಕೆ ಬಾರದ ಅದರ ದಾಯಾದಿಗಳೊಂದಿಗೆ ಒಂದೇ ಡಬ್ಬಿಯಲ್ಲಿದ್ದರೆ ಗುರುತು ಹಿಡಿಯುವಂತಿರಲಿಲ್ಲ. ಕಳೆದ ಆಯುಧಪೂಜೆಯಂದು ಹೆಂಡತಿ ಕಾರು, ಮಿಕ್ಸಿ, ಲ್ಯಾಪ್‌ಟಾಪುಗಳ ಜೊತೆಗೆ ಅದಕ್ಕೂ ಕುಂಕುಮ ಇಟ್ಟಳು. ಎಣ್ಣೆ ಬೆರೆತು ಆ ಬೊಟ್ಟು ಒರೆಸಿದರೂ ಹೋಗದಂತೆ ಕೂತಿದೆ. ರೇಂಜಿನ ಅಧಿಕಾರಿ ಮೊನ್ನೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಈ ಕೆಂಪು ಗುರುತು ಏನೆಂದು ಕೇಳಿದರು. ಭಾರತದಲ್ಲಿ ತಪಾಸಣೆ ಪಾಸಾದ ಮಾಲಿಗೆ ಹಾಕುವ ಮುದ್ರೆಯೆಂದೆ. ಅವರು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.