‘ಹಾಗನ್ನದೆ ಇನ್ನೇನಂತಾರೆ?’: ಇದು ಉತ್ತರಾನಾ, ಬಾಯಿ ಮುಚ್ಚಿಸೋ ಉಪಾಯಾನಾ?

1963ರ ಜೂನ್ ಕೊನೆ, ಲಂಡನ್ನಿನ ಮೇರಿಲೆಬೋನ್ ಮ್ಯಾಜಿಸ್ಟ್ರೇಟ್ ಕೋರ್ಟು. ಸಾಕ್ಷಿ ಕಟಕಟೇಲಿ ಮ್ಯಾಂಡಿ ರೈಸ್-ಡೇವೀಸ್, ವಯಸ್ಸು 18. ಲಾರ್ಡ್ ಆಸ್ಟರ್ ಜೊತೆ ಸಂಬಂಧ ಇತ್ತು ಅಂತ ಅವ್ಳ ಹೇಳಿಕೆ. ಅವರು ಅದೆಲ್ಲಾ ಸುಳ್ಳು ಅಂತಿದಾರಲ್ಲ ಅಂತ ವಕೀಲರು ಕೆಣಕಿದ್ರು. ಹುಡುಗಿ ತಣ್ಣಗೆ, ಹಾಗನ್ನದೆ ಇನ್ನೇನಂತಾರೆ ಅಂದ್ಲು. ಕೋರ್ಟೆಲ್ಲಾ ನಗು. ಬ್ರಿಟಿಷ್ ಮಂತ್ರಿಯೊಬ್ಬ ರಾಜೀನಾಮೆ ಕೊಡೋ ಹಾಗಾದ ಪ್ರೊಫ್ಯೂಮೋ ಹಗರಣದ ವಿವರ ಮರೆತೋರಿಗೂ ಈ ಒಂದು ಮಾತು ನೆನಪಿದೆ, ಇಂಟರ್ನೆಟ್ಟಲ್ಲಿ ‘ಮ್ಯಾಂಡಿ ರೈಸ್-ಡೇವೀಸ್ ಅಪ್ಲೈಸ್’, ಅಂದ್ರೆ ಅವ್ಳ ಮಾತು ಇಲ್ಲೂ ಅನ್ವಯಿಸುತ್ತೆ ಅನ್ನೋದರ ಮೊದಲಕ್ಷರ ಹಿಡಿದು ಎಂಆರ್‌ಡಿಎ ಅಂತ ಹಾಕಿ ಮುಗಿಸ್ತಾರೆ. ಹಾಗಾದ್ರೆ ಇದನ್ನ ಒಂದು ವಾದ ಅಂತ ಒಪ್ಪಬಹುದಾ? ಎರಡೂ ಕಡೆ ನಾನೇ ಬರೀತೀನಿ, ಯಾವ್ ಕಡೆ ವಾಲ್ತೀನಿ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ.

ಪರ

ಮೊಸರು ಮಾರೋಳು ಯಾವತ್ತಾದ್ರೂ ತನ್ನ ಮೊಸರು ಹುಳಿ ಅಂತಾಳಾ? ನಮ್ಮಜ್ಜಿಗೆ ಗೊತ್ತಿದ್ದ ಲೆಕ್ಕ ಇದು, ಆದ್ರೆ ಬ್ರಿಟಿಷ್ ಪಾರ್ಲಿಮೆಂಟಿಗೆ 1963ರಲ್ಲಿ ಗೊತ್ತಿರ್ಲಿಲ್ಲ. ಅಲ್ಲಿ ಮಂತ್ರಿ ಎದ್ದು ನಿಂತು ಇಲ್ಲ ಅಂದ್ರೆ ಇಲ್ಲ, ಮುಗೀತು. ಯುದ್ಧ ಖಾತೆ ಮಂತ್ರಿ ಜಾನ್ ಪ್ರೊಫ್ಯೂಮೋಗೂ ಕ್ರಿಸ್ಟೀನ್ ಕೀಲರ್ ಅನ್ನೋ 19ರ ಹುಡುಗಿಗೂ 1961ರಲ್ಲಿ ಪರಿಚಯ ಆಗಿದ್ದು ಇದೇ ಆಸ್ಟರ್‌ನ ಕ್ಲೈವ್‌ಡೆನ್ ಬಂಗಲೆಯ ಈಜುಕೊಳದ ಹತ್ರ, ಅವ್ಳಿಗೆ ಸೋವಿಯತ್ ರಾಯಭಾರ ಕಚೇರಿಯ ನೌಕಾಪಡೆ ಅಧಿಕಾರಿ ಇವಾನೊವ್ ಪರಿಚಯನೂ ಇತ್ತು, ಅದಕ್ಕೇ ಇದು ಬರೀ ಹಾಸಿಗೆ ಸುದ್ದಿಯಾಗಿ ಉಳೀಲಿಲ್ಲ. ಗುಸುಗುಸು ಜೋರಾದಾಗ ನಡುರಾತ್ರಿ ಕಳೆದ ಮೇಲೆ ಪ್ರೊಫ್ಯೂಮೋನ ನಿದ್ದೆಯಿಂದ ಎಬ್ಬಿಸಿ, ಐದು ಜನ ಮಂತ್ರಿಗಳು ಕೂತು ಹೇಳಿಕೆ ತಯಾರು ಮಾಡಿದ್ರು. ಮಾರ್ಚ್ 22ಕ್ಕೆ ಸದನದಲ್ಲಿ ಅದನ್ನ ಓದಿದ, ಅನುಚಿತವಾದ್ದು ಏನೂ ನಡೆದಿಲ್ಲ, ಹೊರಗಡೆ ಯಾರಾದ್ರೂ ಹಾಗಂದ್ರೆ ಕೇಸ್ ಹಾಕ್ತೀನಿ ಅಂತ. ಹಾಕ್ದ ಕೂಡ! ಜೂನ್‌ನಲ್ಲಿ ಸುಳ್ಳು ಹೇಳಿದ್ದೆ ಅಂತ ಒಪ್ಕೊಂಡು ರಾಜೀನಾಮೆ ಕೊಟ್ಟ.

ಹಾಗೆ ನೋಡಿದ್ರೆ ಮ್ಯಾಂಡಿ ಮಾಡಿದ್ದು ಏನು? ದೊಡ್ಡೋರ ‘ಇಲ್ಲ’ ಅನ್ನೋ ಮಾತಿಗೆ ಇದ್ದ ವಿಶೇಷ ಮರ್ಯಾದೆ ಕಿತ್ತಾಕಿದ್ಲು. ಒಂದು ಕಡೆ ಲಾರ್ಡು, ಇನ್ನೊಂದ್ ಕಡೆ ವೇಲ್ಸ್‌ನಲ್ಲಿ ಹುಟ್ಟಿದ ನೈಟ್‌ಕ್ಲಬ್ ಡ್ಯಾನ್ಸರ್, ತಕ್ಕಡಿ ಮೊದಲೇ ವಾಲಿತ್ತಲ್ವಾ. ಹೇಳೋನಿಗೆ ಅದರಿಂದ ಏನ್ ಲಾಭ ಅಂತ ಕೇಳೋದು ಉಡಾಫೆ ಅಲ್ಲ ಕಣ್ರೀ, ಪಾಟೀಸವಾಲಲ್ಲಿ ವಕೀಲರು ಫೀಸ್ ತಗೊಂಡು ಮಾಡೋ ಕೆಲಸಾನೇ ಅದು.

ವಿರೋಧ

ಸರಿ, ಆದ್ರೆ ಈ ಮಾತು ತಪ್ಪಿತಸ್ಥನಿಗೆ ಎಷ್ಟು ಹೊಂದುತ್ತೋ ನಿರಪರಾಧಿಗೂ ಅಷ್ಟೇ ಹೊಂದುತ್ತೆ. ಮಾಡಿದೋನೂ ಇಲ್ಲ ಅಂತಾನೆ, ಮಾಡದೋನೂ ಇಲ್ಲ ಅಂತಾನೆ, ಇನ್ನೇನ್ ಹೇಳ್ಬೇಕು ಪಾಪ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ ಅಂತೀವಿ, ಅಲ್ಲಿ ಕನಿಷ್ಠ ಹೆಗಲು ಮುಟ್ಕೊಂಡಿದ್ದಾದ್ರೂ ಒಂದು ಸುಳಿವು. ಇಲ್ಲಿ ಸುಮ್ನೆ ಅಲ್ಲಗಳೆದಿದ್ದೇ ಸುಳಿವು. ಪ್ರೊಫ್ಯೂಮೋ ಸುಳ್ಳು ಬಯಲಾಗಿದ್ದು ಅವನದೇ ತಪ್ಪೊಪ್ಪಿಗೆಯಿಂದ, ಯಾರ ಪಂಚ್ ಡೈಲಾಗಿಂದಲೂ ಅಲ್ಲ. ಆಸ್ಟರ್ ವಿಷಯ ಕೋರ್ಟಲ್ಲಿ ಪರೀಕ್ಷೆಗೇ ಬರ್ಲಿಲ್ಲ, ಅವನನ್ನ ಸಾಕ್ಷಿಯಾಗಿ ಕರೀಲೇ ಇಲ್ಲ, 1966ರಲ್ಲಿ ಸತ್ತ, ಉಳಿದಿದ್ದು ನಗು ಮಾತ್ರ.

ಇನ್ನೊಂದು, ಇದನ್ನ ಯಾರೂ ಜಾಸ್ತಿ ಹೇಳಲ್ಲ. ಆ ಮಾತನ್ನ ಮ್ಯಾಂಡಿ ಮೇಲೇ ತಿರುಗಿಸಿ ನೋಡಿ. ಅವ್ಳನ್ನ ಡ್ರೈವಿಂಗ್ ಲೈಸೆನ್ಸ್ ಕೇಸೊಂದರಲ್ಲಿ ಹಿಡಿದು ಹಾಲೋವೇ ಜೈಲಲ್ಲಿ ಇಟ್ಟಿದ್ರು, ಪೊಲೀಸರಿಗೆ ಬೇಕಿದ್ದಿದ್ದು ಸ್ಟೀಫನ್ ವಾರ್ಡ್ ವಿರುದ್ಧ ಹೇಳಿಕೆ. ಅಂದ್ಮೇಲೆ ಅವ್ಳ ಸಾಕ್ಷಿಗೂ ‘ಹಾಗನ್ನದೆ ಇನ್ನೇನಂತಾಳೆ’ ಅಂದುಬಿಡಬಹುದಿತ್ತಲ್ಲ! ಪರ ಅಂತ ವಾದಿಸೋರು ಇದಕ್ಕೆ ಏನ್ ಹೇಳ್ತಾರೋ, ನನಗಂತೂ ಮೇಲೆ ಬರೆಯುವಾಗ ಉತ್ತರ ಹೊಳೀಲಿಲ್ಲ.

ಈ ವಾರ್ಡ್ ಯಾರು ಅಂದ್ರೆ ಕೀಲು-ಬೆನ್ನು ನೋವಿಗೆ ಕೈಯಿಂದಲೇ ಚಿಕಿತ್ಸೆ ಕೊಡ್ತಿದ್ದ ಆಸ್ಟಿಯೋಪಾತ್, ದೊಡ್ಡ ದೊಡ್ಡ ಜನ ಅವನ ಪೇಷಂಟ್‌ಗಳು, ಕೀಲರ್‌ನ ಈ ಜನರ ಮಧ್ಯೆ ಕರ್ಕೊಂಡ್ ಬಂದೋನು. ಮೇಲೆ ಹೇಳಿದ ನಗು ಎದ್ದಿದ್ದು ಅವನದೇ ಕೇಸಿನ ವಿಚಾರಣೇಲಿ. ಹುಡುಗೀರ ದುಡ್ಡಲ್ಲಿ ಬದುಕ್ತಿದ್ದ ಅನ್ನೋ ಆರೋಪ, ಅವನೂ ಇಲ್ಲ ಅಂದ, ಯಾರು ಕೇಳ್ತಾರೆ, ಮಂತ್ರಿನೇ ಸುಳ್ಳು ಹೇಳಿದ ಮೇಲೆ ಇವನ ಇಲ್ಲಕ್ಕೆ ಏನ್ ಬೆಲೆ. ಅವನ ಮನೇಲಿ ಊಟ ಮಾಡಿದ ಗಣ್ಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ರು. ತೀರ್ಪಿಗೆ ಮುಂಚೆ, ಜುಲೈ 30ರ ರಾತ್ರಿ, ನಿದ್ದೆ ಮಾತ್ರೆ ನುಂಗಿದ. ಮಾರನೇ ದಿನ ಅವನು ಆಸ್ಪತ್ರೇಲಿ ಪ್ರಜ್ಞೆ ಇಲ್ದೆ ಮಲಗಿದ್ದಾಗಲೇ ಜ್ಯೂರಿ ಎರಡು ಆರೋಪದಲ್ಲಿ ದೋಷಿ ಅಂತು. ಆಗಸ್ಟ್ 3ಕ್ಕೆ ಸತ್ತ, ಶಿಕ್ಷೆ ಎಷ್ಟು ಅಂತ ಹೇಳೋದೇ ಬೇಕಾಗ್ಲಿಲ್ಲ.

ಪ್ರೊಫ್ಯೂಮೋ ಆಮೇಲೆ ಲಂಡನ್ನಿನ ಟಾಯ್ನ್‌ಬಿ ಹಾಲ್ ಅನ್ನೋ ಸೇವಾಸಂಸ್ಥೇಲಿ ದಶಕಗಳ ಕಾಲ ದುಡಿದು 1975ರಲ್ಲಿ ಸರ್ಕಾರಿ ಗೌರವನೂ ಪಡ್ಕೊಂಡ. ಮ್ಯಾಂಡಿ 2014ರಲ್ಲಿ ತೀರ್ಕೊಂಡಾಗ ಪತ್ರಿಕೆಗಳೆಲ್ಲಾ ಆ ಒಂದೇ ವಾಕ್ಯ ಹಿಡ್ಕೊಂಡು ಬರೆದ್ವು. ವಾರ್ಡ್ ಹೇಳಿದ ‘ಇಲ್ಲ’ ಯಾವುದು ಅಂತ ಕೇಳಿ ನೋಡಿ, ಎಷ್ಟ್ ಜನಕ್ಕೆ ನೆನಪಿದೆ?