ಬೂತಾಯಿ ಲೆಕ್ಕ ಅಷ್ಟು ಸುಲಭವಲ್ಲ
ಈ ಸಲ ಬಲೆಗೆ ಬೂತಾಯಿ (ಮತ್ತಿ ಮೀನು) ಜಾಸ್ತಿ ಬಿದ್ದಿದೆ, ಹಾಗಾಗಿ ಕಡಲಲ್ಲಿ ಅದರ ಸಂತತಿ ಚೆನ್ನಾಗಿದೆ ಎಂದು ಬರೆದಿದ್ದೀರಿ. ಇಷ್ಟು ಬೇಗ ಹಾಗೆ ಹೇಳುವುದು ಕಷ್ಟ ಸಾರ್. ಇದು ಗುಂಪು ಕಟ್ಟಿಕೊಂಡು ಓಡಾಡುವ ಮೀನು. ಒಟ್ಟು ಸಂಖ್ಯೆ ಇಳಿದಿದ್ದರೂ ಒಂದು ದೊಡ್ಡ ಗುಂಪು ಪರ್ಸೀನ್ ಬಲೆಗೆ (ಗುಂಪನ್ನೇ ಸುತ್ತುವರಿದು ಹಿಡಿಯುವ ಬಲೆ) ಸಿಕ್ಕರೆ ಬೋಟು ತುಂಬುತ್ತದೆ, ಅಲ್ವಾ? ಅದಕ್ಕೇ ಕಡಲ ಮೀನಿನ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆ ಸಿಎಂಎಫ್‌ಆರ್‌ಐನವರು ಸುಮ್ನೆ ಟನ್ ಲೆಕ್ಕ ಬರೆದುಕೊಂಡು ಹೋಗುವುದಿಲ್ಲ. ಬೋಟಿನಿಂದ ಮೀನು ಇಳಿಸುವ ಧಕ್ಕೆಯಲ್ಲಿ ಅದರ ಉದ್ದ ಅಳೆಯುತ್ತಾರೆ, ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯಾ ನೋಡುತ್ತಾರೆ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ ಹತ್ತಿರ ಸಿಕ್ಕಿತ್ತು. 2021ರಲ್ಲಿ ಬರೀ 3,300 ಟನ್ನಿನಷ್ಟು! ಅಲ್ಲಿ 10 ಸೆಂ.ಮೀ.ಗಿಂತ ಚಿಕ್ಕದನ್ನು ಹಿಡಿಯಬಾರದೆಂಬ ನಿಯಮವಿದೆ. ಮೊನ್ನೆ ನಮ್ಮ ಮಾರ್ಕೆಟ್ಟಿನ ಬುಟ್ಟಿಯಲ್ಲಿದ್ದವು ನನ್ನ ನಡುಬೆರಳಿನಷ್ಟೂ ಇರಲಿಲ್ಲ. ಮುಂದಿನ ಸಲ ಆ ಅಳತೆಯನ್ನೂ ಬರೆಯಿರಿ.