ತಲೆ ಸರಿ ಇದೆಯಲ್ವಾ, ಯಜಮಾನ್ರೇ?

ನಮ್ಮ ಪಕ್ಕದ ತೋಟದ ಭಾವನಿಗೆ ಕೋವಿ ಬೇಕಿತ್ತು. ಹೊಸದೇನಲ್ಲ, ಅವನ ಅಪ್ಪನದ್ದೇ ಒಂಟಿ ನಳಿಗೆಯದ್ದು. ಅಪ್ಪ ತೀರಿಕೊಂಡ ಮೇಲೆ ಅದು ಠಾಣೆ ಸೇರಿತ್ತು. ಮಲೆನಾಡಿನಲ್ಲಿ ಅಡಿಕೆ ತೋಟ ಇಟ್ಟುಕೊಂಡವನಿಗೆ ಕೋವಿ ಶೋಕಿಯಲ್ಲ, ಕತ್ತಿ, ದೋಟಿ ಇದ್ದ ಹಾಗೆ. ಮಂಗನ ಹಿಂಡು ಇಳಿದಾಗ ಗಾಳಿಯಲ್ಲೊಂದು ಈಡು ಬಿಟ್ಟರೆ ಅವತ್ತಿನ ಮಟ್ಟಿಗೆ ನೆಮ್ಮದಿ. ಮಂಗಗಳೂ ಈಗ ಜಾಸ್ತಿ ಲೆಕ್ಕಕ್ಕೆ ತಗೊಳ್ಳೋದಿಲ್ಲ, ಅದು ಬೇರೆ ಮಾತು.

ಲೈಸೆನ್ಸ್ ತನ್ನ ಹೆಸರಿಗೆ ಮಾಡಿಸಲು ಭಾವ ಹೊರಟ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿಯ ಜೊತೆ ಎಸ್-3 ಅನ್ನುವ ನಮೂನೆಯಲ್ಲಿ ಡಾಕ್ಟರ ಸರ್ಟಿಫಿಕೇಟ್ ಬೇಕು. ಮೈ ನೆಟ್ಟಗಿದೆ, ಮನಸ್ಸು ನೆಟ್ಟಗಿದೆ, ಅಮಲಿನ ಚಟ ಇಲ್ಲ ಅಂತ. ಒಳ್ಳೇ ನಿಯಮವೇ. ಕೈಗೆ ಕೋವಿ ಕೊಡುವ ಮುಂಚೆ ತಲೆ ನೋಡಬೇಡವೇ?

ನೋಡಿದರು. ನಾನೂ ಜೊತೆಗಿದ್ದೆ.

ನಮಗಿಂತ ಮುಂದೆ ಸೈಟು ವ್ಯವಹಾರದ ಸಾಹುಕಾರರೊಬ್ಬರು ಇದ್ದರು. ಟೋಕನ್ ಕೊಡಲು ತಡ ಮಾಡಿದ ಅಂತ ಹುಡುಗನಿಗೆ ಅವನ ಮೂರು ತಲೆಮಾರು ಸೇರಿಸಿ ಬೈದು, ಚೀಟಿ ಹರಿದು ಅವನ ಮುಖಕ್ಕೇ ಎಸೆದು ಒಳಗೆ ಹೋದರು. ತಮ್ಮ ಮನೆ ಒಕ್ಕಲಿನ ದಿನ ಸ್ನೇಹಿತನ ಪಿಸ್ತೂಲು ಇಸಿದುಕೊಂಡು ಆಕಾಶಕ್ಕೆ ಮೂರು ಗುಂಡು ಹಾರಿಸಿದವರು ಇವರೇ. ಸಂಭ್ರಮಕ್ಕೆ ಬೇಕಾಬಿಟ್ಟಿ ಗುಂಡು ಹಾರಿಸಿದರೆ ಎರಡು ವರ್ಷದ ತನಕ ಜೈಲು ಅಂತ 2019ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಆದರೆ ಆಕಾಶ ದೂರು ಕೊಡಲಿಲ್ಲ.

ಡಾಕ್ಟರು ಅವರ ಬಿಪಿ ನೋಡಿದರು. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಆಮೇಲೆ ಸೀಲಿಗೆ ಕೈ ಹಾಕುತ್ತಲೇ ಕೇಳಿದರು. "ತಲೆ ಸರಿ ಇದೆಯಲ್ವಾ, ಯಜಮಾನ್ರೇ?"

"ಓಹೋ, ಬೊಂಬಾಟಾಗಿದೆ."

ಠಪ್. ಮನಸ್ಸಿನ ಪರೀಕ್ಷೆ ಮುಗಿಯಿತು. ತಲೆ ಕೆಟ್ಟವನು ಯಾವತ್ತಾದರೂ "ಇಲ್ಲ ಸ್ವಾಮಿ, ಸ್ವಲ್ಪ ಕೆಟ್ಟಿದೆ" ಅಂದದ್ದುಂಟೇ?

ಹಾಗೆ ಅಂದವನು ನಮ್ಮ ಭಾವ. ಅವನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. "ಮೂರು ವರ್ಷದ ಹಿಂದೆ ನಿದ್ದೆನೇ ಬರ್ತಿರಲಿಲ್ಲ ಡಾಕ್ಟ್ರೇ. ಎಲೆಚುಕ್ಕಿ ರೋಗ ಬಂದು ತೋಟ ಹೋಯ್ತಲ್ಲ, ಆಗ. ಎಂಟು ತಿಂಗಳು ಮಾತ್ರೆ ತಗೊಂಡೆ. ಈಗ ಪೂರ್ತಿ ಗುಣ."

ಸೀಲು ಗಾಳಿಯಲ್ಲೇ ನಿಂತಿತು.

"ಯಾವ ಡಾಕ್ಟ್ರ ಹತ್ರ?"

"ಮನಸ್ಸಿನ ಡಾಕ್ಟ್ರು."

ಸೀಲು ಡಬ್ಬಿಗೆ ವಾಪಸ್ ಹೋಯಿತು. ಡಾಕ್ಟರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಟೆಲಿ ಮನಸ್ ಪೋಸ್ಟರ್ ಇತ್ತು. ಮನಸ್ಸಿಗೆ ಬೇಜಾರಾದರೆ 14416ಕ್ಕೆ ಫೋನ್ ಮಾಡಿ ಅಂತ ಸರ್ಕಾರವೇ ಅಂಟಿಸಿದ್ದು.

ಈಗ ಕಾಯ್ದೆ ಏನು ಹೇಳುತ್ತದೆ ನೋಡೋಣ. ನಮ್ಮಲ್ಲಿ ಎರಡಿವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 14ನೇ ಕಲಮಿನ ಪ್ರಕಾರ ಅರ್ಜಿದಾರನ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ನಂಬಲು ಅಧಿಕಾರಿಗೆ ಕಾರಣ ಇದ್ದರೆ ಸಾಕು, ಲೈಸೆನ್ಸ್ ಇಲ್ಲ. (ಆಸ್ತಿ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ನಿರಾಕರಿಸಬಾರದು ಅಂತ ಅದೇ ಕಲಮು ಹೇಳುತ್ತದೆ. ಬಡವನಾಗಬಹುದು, ಬೇಜಾರಾಗಬಾರದು.) ಇನ್ನೊಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಹಿಂದೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದ ಅನ್ನುವುದೊಂದನ್ನೇ ಹಿಡಿದು ಇವತ್ತೂ ಕಾಯಿಲೆ ಇದೆ ಅನ್ನುವಂತಿಲ್ಲ. ಕಾಯಿಲೆ ಇದ್ದರೂ, ಕೋರ್ಟು ಹೇಳುವ ತನಕ ಬುದ್ಧಿ ಸ್ಥಿಮಿತ ಇಲ್ಲದವನು ಅನ್ನುವಂತಿಲ್ಲ. ಅದರ 3ನೇ ಕಲಮಿನಲ್ಲೇ ಇದೆಲ್ಲ ಇದೆ.

ಈ ಎರಡು ಕಾಯ್ದೆಗಳಿಗೆ ಇನ್ನೂ ಪರಸ್ಪರ ಪರಿಚಯ ಆದ ಹಾಗಿಲ್ಲ. ನಾನು 2017ರದ್ದನ್ನು ಪ್ರಿಂಟ್ ಹಾಕಿಸಿ ಕಚೇರಿಯ ಗುಮಾಸ್ತರ ಮುಂದೆ ಹಿಡಿದೆ. ಅವರು ಓದಿದರು, ಪಾಪ, ಪೂರ್ತಿ ಓದಿದರು. "ಸರಿಯಾಗೇ ಇದೆ ಸಾರ್. ಆದರೆ ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಸಾಹುಕಾರರ ವಿಷಯದಲ್ಲಿ ನಾಳೆ ಏನಾದ್ರೂ ಆದ್ರೆ? "ಅವರಿಗೆ ಸರ್ಟಿಫಿಕೇಟ್ ಇದೆಯಲ್ಲ!"

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಲೆಕ್ಕ ಇದೆ. ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ, ಕಾಯಿಲೆ ಯಾವುದು ಅನ್ನುವುದರ ಮೇಲೆ, 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ. ಅಂದರೆ ಇವರೆಲ್ಲ ಕಾಗದದ ಮೇಲೆ ಗಟ್ಟಿಮುಟ್ಟು. ಅರ್ಜಿ ಹಾಕಬಹುದು. ಡಾಕ್ಟರ ಹತ್ತಿರ ಹೋಗಿ ಗುಣ ಮಾಡಿಕೊಂಡ ಉಳಿದವರ ಮೇಲೆ ಮಾತ್ರ ಒಂದು ಕಣ್ಣಿಡಬೇಕು.

ನಿಜವಾಗಿ ಮನಸ್ಸು ಕುಗ್ಗಿದಾಗ ಕೋವಿ ಮನೆಯಲ್ಲಿ ಇರಬಾರದು. ಅದನ್ನು ಭಾವನೂ ಒಪ್ಪುತ್ತಾನೆ. ಆ ಎಂಟು ತಿಂಗಳು ತಾನೇ ಕೋವಿಯನ್ನು ಮಾವನ ಮನೆಗೆ ಸಾಗಿಸಿಬಿಡಿ ಅಂತ ಅಪ್ಪನಿಗೆ ಹೇಳಿದ್ದನಂತೆ. ಅದೂ ಕಾನೂನಿಗೆ ಒಪ್ಪುವ ಕೆಲಸ ಅಲ್ಲ ಅಂತ ಅಪ್ಪ ಸುಮ್ನಾದರಂತೆ. ಠಾಣೆಯಲ್ಲಿ ನಾಲ್ಕು ತಿಂಗಳು ಇಟ್ಟುಕೊಳ್ಳಿ ಅನ್ನೋಣ ಅಂದರೆ, ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಿದರೆ ಅದು ಫೈಲಿಗೆ ಹೋಗುತ್ತದೆ. ಫೈಲಿಗೆ ಹೋದದ್ದು ವಾಪಸ್ ಬರುವುದಿಲ್ಲ.

ಆದರೆ ಇಟ್ಟುಕೊಳ್ಳುವುದು ಠಾಣೆಗೆ ಗೊತ್ತಿಲ್ಲ ಅಂತಲ್ಲ. ಅಪ್ಪನ ಟ್ರಂಕಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳ ಕಂತೆ ಸಿಕ್ಕಿತು. ಲೋಕಸಭೆ, ವಿಧಾನಸಭೆ, ಪಂಚಾಯ್ತಿ. ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ಹೋಗಿದೆ, ಫಲಿತಾಂಶ ಬಂದ ಮೇಲೆ ಎಣ್ಣೆ ವಾಸನೆ ಸಮೇತ ಮನೆಗೆ ಬಂದಿದೆ. ಯಾರೂ ಯಾಕೆ ಅಂತ ಕೇಳಿಲ್ಲ. ಊರಿಗೆ ಊರೇ ಎರಡು ತಿಂಗಳು ತಲೆ ಕೆಡಿಸಿಕೊಳ್ಳಬಹುದು, ಅದಕ್ಕೆ ರಸೀದಿ ಇದೆ.

ಭಾವನ ಅರ್ಜಿ ಇನ್ನೂ "ಪರಿಶೀಲನೆಯಲ್ಲಿದೆ". ಹೋದ ವಾರ ಅವನ ಷಡ್ಡಕ ಬಂದಿದ್ದ. ಮನುಷ್ಯ ಇಳಿದುಹೋಗಿದ್ದಾನೆ. ಊಟ ಸೇರುವುದಿಲ್ಲ, ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿಯಲ್ಲಿ ಕೂರುತ್ತಾನಂತೆ. ಒಳ್ಳೇ ಡಾಕ್ಟ್ರಿದ್ದಾರೆ, ನಾನೇ ಕರ್ಕೊಂಡು ಹೋಗ್ತೀನಿ ಅಂದ ಭಾವ.

ಷಡ್ಡಕ ಗಾಬರಿಯಾಗಿ ಕೈ ಮುಗಿದ. "ಬೇಡ ಮಾರಾಯ. ಕೋವಿ ಲೈಸೆನ್ಸ್ ಮೊದ್ಲು ರಿನ್ಯೂವಲ್ ಆಗ್ಲಿ, ಆಮೇಲೆ ನೋಡೋಣ."

ರಿನ್ಯೂವಲ್‌ಗೆ ಇನ್ನೂ ಹದಿನೆಂಟು ತಿಂಗಳಿದೆ.